ಬಿಡುವಿನ ಹೊತ್ತಿನ ಅಪ್‌ಲೋಡ್

ಒಂದು ಗಂಟೆಗೆ ಸರಿಯಾಗಿ, ವಿಡಿಯೋ ಕರೆಯಲ್ಲಿದ್ದ ಆಫೀಸಿನ ಯಜಮಾನರ ಮಾತು ಆ ಕಡೆ ತಲುಪುವುದು ನಿಂತಿತು. "ಏನೂ ಕೇಳಿಸ್ತಿಲ್ಲ. ನಿಮ್ಮ ಮುಖ ಬಾಯಿ ತೆರೆದಂಗೇ ಕಲ್ಲಾಗಿಬಿಟ್ಟಿದೆ," ಎಂದು ಪರದೆಯೊಳಗಿನ ಗಿರಾಕಿ ನಗುತ್ತಿದ್ದರು.

"ನೋಡಿದ್ರಾ? ದಿನಾ ಇದೇ ಹಾಡು," ಎಂದು ಯಜಮಾನರು ನೆಟ್‌ವರ್ಕ್ ರಿಪೇರಿಗೆ ಬಂದಿದ್ದ ಹೆಂಗಸಿನ ಕಡೆ ತಿರುಗಿದರು. "ನಾವು ಏನೂ ಕಳಿಸ್ತಿಲ್ಲ, ಆದ್ರೂ ಇಲ್ಲಿಂದ ಏನೋ ಹೋಗ್ತಾನೇ ಇದೆ. ನಾವು ಬರೆದ ಕಟ್ಟಡದ ನಕ್ಷೆಗಳನ್ನ ಯಾರೋ ಹೊರಗೆ ದಾಟಿಸ್ತಿದ್ದಾರೆ. ಯಾರು ಅಂತ ಹೇಳಿ ಸಾಕು, ಇವತ್ತೇ ಮನೆಗೆ ಕಳಿಸ್ತೀನಿ."

ರಿಪೇರಿಯಾಕೆ ತನ್ನ ಲ್ಯಾಪ್‌ಟಾಪಿನಲ್ಲಿ, ಆಫೀಸಿನಿಂದ ಹೊರಹೋಗುವ ಡೇಟಾ ಎಷ್ಟೆಂದು ತೋರಿಸುವ ಗೆರೆಯನ್ನೇ ನೋಡಿದಳು. ಮೂರು ದಿನದ ದಾಖಲೆ ಅಲ್ಲಿತ್ತು. ಹತ್ತು ನಲವತ್ತಕ್ಕೆ ಗೆರೆ ಗೋಡೆಯ ಹಾಗೆ ಏಳುತ್ತಿತ್ತು, ಹನ್ನೊಂದಕ್ಕೆ ದೊಪ್ಪನೆ ಬೀಳುತ್ತಿತ್ತು. ಮತ್ತೆ ಒಂದಕ್ಕೆ ಎದ್ದರೆ ಒಂದು ನಲವತ್ತರ ತನಕ. ಮೊದಲು ವೈರಸ್ ಇರಬೇಕು ಅಂದುಕೊಂಡಿದ್ದಳು. ಆದರೆ ಹೀಗೆ ಗಡಿಯಾರ ನೋಡಿಕೊಂಡು ಕೆಲಸ ಮಾಡುವ ವೈರಸ್ಸನ್ನು ಹದಿನಾರು ವರ್ಷದಲ್ಲಿ ಅವಳು ಕಂಡಿರಲಿಲ್ಲ. ಕಂಪ್ಯೂಟರುಗಳ ತಂತಿಯನ್ನು ಒಂದೊಂದಾಗಿ ಕಿತ್ತಳು. ಪ್ರಿಂಟರ್ ಆರಿಸಿದಳು, ಬಾಗಿಲ ಮೇಲಿನ ಕ್ಯಾಮೆರಾ ಆರಿಸಿದಳು. ಗೆರೆ ಅಲುಗಲಿಲ್ಲ. ಕೊನೆಗೆ ಉಳಿದದ್ದು ವೈಫೈಗೆ ಸೇರಿಕೊಂಡ ಒಂದು ಹಳೆಯ ಫೋನ್. ಅದು ಯಾರ ಮೇಜಿನ ಮೇಲೂ ಇರಲಿಲ್ಲ. ಸಿಗ್ನಲ್ ಬಲವಾಗುತ್ತ ಹೋದ ದಿಕ್ಕು ಹಿಡಿದು ನಡೆದವಳು ಹಿಂದಿನ ಉಗ್ರಾಣದ ಬಾಗಿಲು ತಳ್ಳಿದಳು.

ಸುರುಳಿ ಸುತ್ತಿದ ಹಳೆಯ ನಕ್ಷೆಗಳ ನಡುವೆ, ಕಿಟಕಿಯ ಸರಳಿಗೆ ಎರಡು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ ಫೋನ್. ಅದರ ಕ್ಯಾಮೆರಾ ಕಣ್ಣು ಹೊರಗೆ ನೋಡುತ್ತಿತ್ತು. ಕೆಳಗೆ, ಗೋಡೆಯಾಚೆ, ಶಾಲೆಯ ಬಯಲು. ಊಟಕ್ಕೆ ಬಿಟ್ಟ ಮಕ್ಕಳು ಕಿರುಚಾಡುತ್ತಿದ್ದರು. ಪಕ್ಕದಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಂತಿದ್ದವರು ಆಫೀಸಿನ ಹಿರಿಯ ನಕ್ಷೆಗಾರರು. ಗೆರೆ ಎಳೆದಷ್ಟು ನೆಟ್ಟಗಿನ ಮನುಷ್ಯ ಅಂತ ಎಲ್ಲರೂ ಅವರನ್ನು ಸ್ಕೇಲಣ್ಣ ಎನ್ನುತ್ತಿದ್ದರು.

"ಯಾರಿಗೆ ಕಳಿಸ್ತಿದೀರಾ ಸರ್ ಇದನ್ನ?"

"ನನ್ನ ಹೆಂಡತಿಗೆ," ಎಂದರು ಸ್ಕೇಲಣ್ಣ. ಮುಖ ಬಿಳಿಚಿಕೊಂಡಿತ್ತು. "ಇದೇ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದವಳು. ಲಕ್ವ ಹೊಡೆದು ಎಂಟು ತಿಂಗಳಾಯ್ತು, ಮಾತು ನಿಂತುಹೋಗಿದೆ. ಶಾಲೆಯ ಬಿಡುವಿನ ಹೊತ್ತಿಗೆ ನನ್ನ ತಂಗಿ ಮನೆಯಲ್ಲಿ ಅವಳ ದಿಂಬಿನ ಹತ್ರ ಫೋನ್ ಇಡ್ತಾಳೆ. ಈ ಗಲಾಟೆ ಕೇಳಿದಾಗ ಮಾತ್ರ ಒಂದೆರಡು ಮಾತು ಆಡ್ತಾಳಮ್ಮ. ಇದರಿಂದ ಆಫೀಸಿಗೆ ತೊಂದ್ರೆ ಆಗತ್ತೆ ಅಂತ ದೇವರಾಣೆಗೂ ಗೊತ್ತಿರ್ಲಿಲ್ಲ."

"ಅವರು ಚಿತ್ರ ನೋಡ್ತಾರಾ?"

"ಇಲ್ಲ. ಕಣ್ಣು ಮುಚ್ಕೊಂಡೇ ಇರ್ತಾಳೆ."

"ಮತ್ತೆ ಚಿತ್ರ ಯಾಕೆ ಕಳಿಸ್ತೀರಾ? ಅದೇ ನೋಡಿ ನೆಟ್ಟಿನ ದಾರಿಯನ್ನೆಲ್ಲ ನುಂಗ್ತಿರೋದು. ಯಾರದೋ ಮಕ್ಕಳ ಚಿತ್ರ ಹೀಗೆ ತೆಗೆಯೋದೂ ಸರಿಯಲ್ಲ." ಅವಳು ವಿಡಿಯೋ ಆರಿಸಿ ದನಿಯೊಂದನ್ನೇ ಉಳಿಸಿದಳು. ಲ್ಯಾಪ್‌ಟಾಪಿನಲ್ಲಿ ಗೆರೆಯ ಗೋಡೆ ಕುಸಿದು ನೆಲಕ್ಕಂಟಿದ ದಾರದಂತಾಯಿತು.

"ಸರಿಹೋಯ್ತು! ಏನಿತ್ತು ಅಲ್ಲಿ?" ಯಜಮಾನರು ಬಾಗಿಲಿಗೇ ಬಂದರು.

"ಒಂದು ಹಳೇ ಫೋನ್ ಸರ್. ನಿಮ್ಮ ನಕ್ಷೆ ಎಲ್ಲಿಗೂ ಹೋಗಿಲ್ಲ."

"ಯಾರದು ಫೋನು?"

"ನಂದು," ಎಂದರು ಸ್ಕೇಲಣ್ಣ.

ಯಜಮಾನರು ಕಿಟಕಿ ನೋಡಿದರು, ಬಯಲು ನೋಡಿದರು. ಅವರಿಗೆ ಸ್ಕೇಲಣ್ಣನ ಮನೆಯ ವಿಷಯ ಗೊತ್ತಿತ್ತು. "ಒಂದು ಮಾತು ನನಗೆ ಹೇಳಬಾರದಿತ್ತಾ?" ಎಂದಷ್ಟೇ ಹೇಳಿ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು.

"ಆ ಕಡೆಯಿಂದ ದನಿ ಬರ್ತಿದೆಯಾ ಒಮ್ಮೆ ನೋಡೋಣ," ಎಂದಳು ರಿಪೇರಿಯಾಕೆ. ಸ್ಕೇಲಣ್ಣ ಇಯರ್‌ಫೋನಿನ ಪಿನ್ನು ಕಿತ್ತರು. ಸ್ವಲ್ಪ ಹೊತ್ತು ಬರೀ ಗೊರಗೊರ. ಆಮೇಲೆ ಒಡಕು ದನಿಯೊಂದು ತಡವರಿಸುತ್ತ ಬಂತು: "ಏಯ್... ಓಡ್ಬೇಡ... ಬೀಳ್ತೀಯ."

"ಚೆನ್ನಾಗಿ ಕೇಳಿಸ್ತಿದೆಯಲ್ಲ ಸರ್! ನೀವೂ ಮಾತಾಡಿಸಿ."

"ನಾನು ಮಾತಾಡಿಸದ ದಿನ ಇದೆಯಾ?" ಸ್ಕೇಲಣ್ಣ ಕಿಟಕಿಯಾಚೆ ನೋಡಿದರು. "ಹೆಸರು ಹಿಡಿದು ಕರೀತೀನಿ. ನಮ್ಮ ಮದುವೆ, ನಾವಿದ್ದ ಮನೆಗಳು, ಆಡಿದ ಜಗಳ, ಎಲ್ಲ ಹೇಳ್ತೀನಿ. ಗೋಡೆ ಹತ್ರ ಮಾತಾಡಿದ ಹಾಗೆ. ಮೊದಲೆಲ್ಲ ಮನೆಗೆ ಕಾಲಿಟ್ಟರೆ ಸಾಕು, ಒಳಗಿಂದ 'ರೀ' ಅಂತಿದ್ಳು. ಆ ಒಂದಕ್ಷರಕ್ಕೆ ಎಂಟು ತಿಂಗಳಿಂದ ಕಾದಿದೀನಮ್ಮ."

ರಿಪೇರಿಯಾಕೆ ಲ್ಯಾಪ್‌ಟಾಪ್ ಮುಚ್ಚುತ್ತಿದ್ದವಳು ಕೈ ತಡೆದಳು. ಕೆಟ್ಟ ದಾರಿಯನ್ನು ಬಿಟ್ಟು ನಡೆಯುವ ದಾರಿಯನ್ನು ಹುಡುಕುವುದು ಅವಳ ಕಸುಬು. "ಸರ್, ಶಾಲೆಯಲ್ಲಿ ಮಕ್ಕಳು ಅವರನ್ನ ಹೆಸರು ಹಿಡಿದು ಕರೀತಿದ್ರಾ?"

ಸ್ಕೇಲಣ್ಣ ಅವಳನ್ನು ದಿಟ್ಟಿಸಿದರು. ಆಮೇಲೆ ಬಗ್ಗಿ, ಬಾಯನ್ನು ಫೋನಿನ ಹತ್ತಿರ ತಂದರು. ನಾಚಿಕೆಯಿಂದ ಅವರ ದನಿ ಸಣ್ಣಗಾಗಿತ್ತು.

"ಟೀಚರ್... ಒಳಗೆ ಬರ್ಲಾ?"

ಗೊರಗೊರ. ಮಕ್ಕಳ ಕೇಕೆ. ಮತ್ತೆ ಗೊರಗೊರ.

"ಯಾಕೋ... ಇಷ್ಟು ತಡ?" ಎಂದಿತು ಫೋನ್. "ಬಾ. ಬಂದು... ಕೂತ್ಕೋ."

ಸ್ಕೇಲಣ್ಣ ಅಲ್ಲೇ ಇದ್ದ ನಕ್ಷೆಯ ಕಟ್ಟಿನ ಮೇಲೆ, ಬೆನ್ನು ನೆಟ್ಟಗೆ ಮಾಡಿ, ಕೈಕಟ್ಟಿ ಕುಳಿತರು.