ಬ್ರೆಡ್ಡಿನ ಮೇಲೆ ಗೀರಿದ ಶಿಲುಬೆ

ಎವಾರಿಸ್ತೊನ ಭಾವ ಬ್ರೌಲಿಯೊ ಚಾಕುವಿನ ತುದಿಯಿಂದ ಬ್ರೆಡ್ಡಿನ ತಳಕ್ಕೆ ಶಿಲುಬೆ ಗೀರಿ, ಆಮೇಲೆ ಕೊಯ್ಯತೊಡಗಿದ. ಅಡಗಿದ ಸನ್ಯಾಸಿಗಳನ್ನು ಹುಡುಕಿ ಕೊಲ್ಲುವ ಪಡೆಯ ಸೆವೆರೊ ಬಂದೂಕು ಹಿಡಿದು ಬಾಗಿಲಲ್ಲಿ ನಿಂತಿದ್ದ; ಶಿಲುಬೆ ಕಂಡು ನಕ್ಕ. "ಸಿಕ್ಕಿಬಿದ್ಯಲ್ಲೋ ಸನ್ಯಾಸಿ. ಏಳು."

ಎದುರಿಗೆ ಕೂತಿದ್ದ ಎವಾರಿಸ್ತೊನ ಕೈ ಸೂಪಿನ ಬಟ್ಟಲ ಮೇಲೆಯೇ ನಿಂತಿತು. ಸ್ಪೇನಿನಲ್ಲಿ ಯುದ್ಧ ಶುರುವಾಗಿ, ತಾನು ಸನ್ಯಾಸಿಯಾಗಿದ್ದ ಮಠ ಸುಟ್ಟುಹೋದ ಮೇಲೆ ಅವನು ಅಕ್ಕ ರಮೋನಾಳ ಮನೆಯಲ್ಲಿ ಗಾಡಿ ಹೊಡೆಯುವವನ ವೇಷದಲ್ಲಿದ್ದ. ಊಟಕ್ಕೆ ಮೊದಲು ಕೈಮುಗಿಯುವುದನ್ನು, ಬ್ರೆಡ್ಡಿಗೆ ಶಿಲುಬೆ ಗೀರುವುದನ್ನು ಕಷ್ಟಪಟ್ಟು ಬಿಟ್ಟಿದ್ದ. ಹೇಸರಗತ್ತೆಗೆ ಬೈಯುವುದನ್ನು ಭಾವನೇ ಕಲಿಸಿದ್ದ. ಮದುವೆಯ ದಿನ ಬಿಟ್ಟರೆ ಭಾವ ಇಗರ್ಜಿಯ ಮೆಟ್ಟಿಲು ಹತ್ತಿದವನಲ್ಲ.

"ನಾನು ಗಾಡಿ ಹೊಡ್ಯೋನು ಕಣಯ್ಯ," ಎಂದ ಬ್ರೌಲಿಯೊ. "ನಮ್ಮಮ್ಮ ಹಿಂಗೇ ಕುಯ್ತಿದ್ಲು. ಕೈಗೆ ಅದೇ ಅಭ್ಯಾಸ."

"ಸನ್ಯಾಸಿಗಳೇನು ಮರದಲ್ಲಿ ಬಿಡ್ತಾರಾ? ಅವರಿಗೂ ಅಮ್ಮ ಇರ್ತಾಳೆ. ನಡಿ, ಸ್ಮಶಾನದ ಗೋಡೆ ಹತ್ರ ಹೇಳೋವಂತೆ."

ಬ್ರೌಲಿಯೊನ ಮುಖ ಬಿಳಿಚಿಕೊಂಡಿತು. ಆದರೂ ಅವನು ಎವಾರಿಸ್ತೊನ ಕಡೆ ಕಣ್ಣೆತ್ತಲಿಲ್ಲ. ರಮೋನಾ ಗಂಡನನ್ನೂ ತಮ್ಮನನ್ನೂ ನೋಡಲಾರದೆ ಒಲೆಯನ್ನು ನೋಡುತ್ತ ನಿಂತಳು.

"ಚಾಕು ಕೊಡಿ ಭಾವ," ಎಂದ ಎವಾರಿಸ್ತೊ. ಉಳಿದ ಬ್ರೆಡ್ಡನ್ನು ಎದೆಗೆ ಆನಿಸಿಕೊಂಡು, ಅದರ ಮೇಲೆ ಇನ್ನೊಂದು ಶಿಲುಬೆಯನ್ನು ಆಳವಾಗಿ, ನಿಧಾನವಾಗಿ ಗೀರಿದ. ಒಂದು ತುಂಡು ಕೊಯ್ದು ಅಕ್ಕನ ತಟ್ಟೆಗೆ ಇಟ್ಟ.

"ಸನ್ಯಾಸಿ ನಾನು," ಎಂದು ಸೆವೆರೊನಿಗೆ ಹೇಳಿದ. "ಭಾವನಿಗೆ ಒಂದು ಪ್ರಾರ್ಥನೇನೂ ಪೂರ್ತಿ ಬರಲ್ಲ. ಬೇಕಾದ್ರೆ ಕೇಳಿ ನೋಡು."