ಸೀಟಿನ ಹಿಂದಿನ ಎರಡು ಪೆಟ್ಟಿಗೆ

ಡ್ವೇನ್ ಕೊವಾಚ್‌ನ ತಲೆ ಕಾರಿನ ಒಳಗಿತ್ತು, ಕಾಲು ಹೊರಗಿತ್ತು. ಕೈಯಲ್ಲಿ ಸ್ಪ್ಯಾನರ್. ತೀರ್ಪುಗಾರ ಥರ್ಮನ್ ಆಲ್ಡ್ರಿಜ್ ಎಂಟು ಕಾರುಗಳಾಚೆ ಮಂಡಿಯೂರಿ, ಯಾರದೋ ಚಕ್ರಕ್ಕೆ ಟಾರ್ಚ್ ಬಿಡುತ್ತಿದ್ದ. ಅವನು ಇಲ್ಲಿಗೆ ಮುಟ್ಟುವಷ್ಟರಲ್ಲಿ ಸೀಟಿನ ಹಿಂದಿನ ಎರಡು ಪೆಟ್ಟಿಗೆ ಮಾಯವಾಗಬೇಕು.

ಪೆಟ್ಟಿಗೆ ಬಂದದ್ದೇ ಹೆಂಡತಿ ಮಾರ್ಲೀನಳ ಹಟದಿಂದ. ಕಾರು 1964ರದು, ಕೆಂಪು, ಎರಡೇ ಸೀಟು, ಡಿಕ್ಕಿ ಎಂಬ ಮಾತೇ ಇಲ್ಲ. ಸೀಟಿನ ಹಿಂದೆ ಒಂದಿಷ್ಟು ಬರಿ ಜಾಗ. ಅಲ್ಲಿಟ್ಟದ್ದು ತಿರುವಿಗೊಮ್ಮೆ ಉರುಳುತ್ತಿತ್ತು. ಹೋದ ವರ್ಷ ಓಹಾಯೋದ ಇದೇ ಹಳೆ ಕಾರುಗಳ ಕೂಟಕ್ಕೆ ಬರುವಾಗ ಆಲೂಗಡ್ಡೆ ಸಲಾಡಿನ ಪಾತ್ರೆ ಮಗುಚಿ ಅರ್ಧ ಸಲಾಡು ಮಾರ್ಲೀನಳ ಬೆನ್ನಿಗಿಳಿದಿತ್ತು. ಪಾತ್ರೆಗೊಂದು ಜಾಗ ಮಾಡು, ಇಲ್ಲವೇ ನೀನೊಬ್ಬನೇ ಹೋಗು ಎಂದುಬಿಟ್ಟಿದ್ದಳು. ಮೂವತ್ತೊಂದು ವರ್ಷದ ಸಂಸಾರ. ಆ ದನಿಗೆ ಎದುರಾಡಬಾರದೆಂದು ಡ್ವೇನ್ ಕಲಿತಿದ್ದ.

ಆದರೆ ಕೂಟ ನಡೆಸುವ ಕ್ಲಬ್ಬಿನ ನಿಯಮ ಮಾರ್ಲೀನಳಿಗಿಂತ ಕಠಿಣ. ಫ್ಯಾಕ್ಟರಿಯಿಂದ ಹೊರಬಿದ್ದ ದಿನ ಕಾರು ಹೇಗಿತ್ತೋ ಹಾಗೇ ಇರಬೇಕು. ಒಂದು ಬೋಲ್ಟ್ ಬದಲಾದರೂ ಅರ್ಧ ಅಂಕ ಖೋತಾ. ಒಂಬತ್ತು ವರ್ಷದಿಂದ ಡ್ವೇನ್‌ಗೆ ಎರಡನೇ ಸ್ಥಾನವೇ ಗತಿ. ಹೋದ ಸಲ ಒಂದು ಬೋಲ್ಟಿನ ಅರ್ಧ ಅಂಕದಲ್ಲಿ ಮೊದಲ ಸ್ಥಾನದ ನೀಲಿ ರಿಬ್ಬನ್ ಲೈಲ್ ಪ್ರೂಯಿಟ್‌ನ ಪಾಲಾಗಿತ್ತು. ಅವನದೂ ಅದೇ ಮಾದರಿಯ, 1964ರದೇ, ಅದೇ ಬಣ್ಣದ ಕಾರು! ಲೈಲ್ ಸುಮ್ಮನಿದ್ದನೇ? ಎಲ್ಲಿ ಸಿಕ್ಕರೂ "ಬೋಲ್ಟ್ ಬೇಕಾ, ಡ್ವೇನ್?" ಎಂದು ಕಿಸಕ್ಕನೆ ನಗುತ್ತಿದ್ದ. ಈ ಸಲ ಗೆಲ್ಲದಿದ್ದರೆ ಕಾರು ಮಾರಿ ಮೇಕೆ ಸಾಕುವುದೆಂದು ಡ್ವೇನ್ ಶಪಥ ಮಾಡಿದ್ದ.

ಹಾಗಾಗಿ ಉಪಾಯ ಹೂಡಿದ. ಹೊಸ ತೂತು ಕೊರೆಯದೆ, ಸೀಟ್ ಬೆಲ್ಟಿಗೆಂದು ಮೊದಲೇ ಇದ್ದ ತೂತುಗಳಿಗೇ ಪೆಟ್ಟಿಗೆ ಕೂರಿಸಿದ. ದಾರಿಯಲ್ಲಿ ಸಲಾಡಿಗೆ ಜಾಗ. ಮೈದಾನಕ್ಕೆ ಬಂದಮೇಲೆ ನಾಲ್ಕು ಬೋಲ್ಟ್ ಬಿಚ್ಚಿದರೆ ಮುಗಿಯಿತು.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಕಿತ್ತುಹಾಕುವ ಪೆಟ್ಟಿಗೆಗೂ ಹೊಸ ಸ್ಕ್ರೂ ಹಾಕಲು ಅವನ ಮನಸ್ಸೊಪ್ಪಲಿಲ್ಲ. ಮೂರು ತಿಂಗಳು ಗುಜರಿಗಳನ್ನು ಜಾಲಾಡಿ 1964ರ ಸ್ಕ್ರೂಗಳನ್ನೇ ತಂದ. ಕಾರಿನ ಕಾರ್ಪೆಟ್ಟಿನದೇ ನೇಯ್ಗೆಯ ಹೊದಿಕೆ ಹುಡುಕಿ ಅಂಟಿಸಿದ. ಕೊನೆಗೆ ತಳದಲ್ಲಿ, ಆ ಕಾಲದ ಫ್ಯಾಕ್ಟರಿ ತಪಾಸಣೆಯವರು ಎಳೆಯುತ್ತಿದ್ದಂಥದೇ ಹಳದಿ ಬಳಪದ ಗೀಟನ್ನೂ ಎಳೆದ.

"ತಳ ಯಾರಪ್ಪಾ ನೋಡ್ತಾರೆ?" ಎಂದಿದ್ದಳು ಮಾರ್ಲೀನ್.

"ನಾನು ನೋಡ್ತೀನಲ್ಲ."

ಎಡವಟ್ಟಾದದ್ದು ನಿನ್ನೆ, ದಾರಿಬದಿಯ ಹೋಟೆಲಿನ ಮುಂದೆ. ಡ್ವೇನ್ ಕೈ ತೊಳೆದು ಬರುವಷ್ಟರಲ್ಲಿ ಅಲ್ಲಿಗೇ ಊಟಕ್ಕೆ ಬಂದಿದ್ದ ಥರ್ಮನ್ ಅವನ ಕಾರಿನೊಳಗೆ ಸೊಂಟದವರೆಗೆ ಮುಳುಗಿದ್ದ! ಪೆಟ್ಟಿಗೆಯ ಅಡಿಗೆ ಕನ್ನಡಿ ಹಿಡಿದು ಫೋಟೋ ಮೇಲೆ ಫೋಟೋ ತೆಗೆಯುತ್ತಿದ್ದ. ಇವು ಯಾವಾಗಿನಿಂದ ಇವೆ ಎಂದು ಮಾರ್ಲೀನಳನ್ನು ಕೇಳಿದ.

"ನನಗೇನು ಗೊತ್ತು? ಈ ಕಾರಲ್ಲಿರೋದೆಲ್ಲ ಫ್ಯಾಕ್ಟರಿಯಿಂದಾನೇ ಬಂದಿದ್ದು ಅಂತ ನನ್ನ ಗಂಡ ದಿನಾ ಪಾರಾಯಣ ಮಾಡ್ತಾನೆ," ಎಂದಳು ಆಕೆ, ಸಲಾಡು ಬಡಿಸಿಕೊಳ್ಳುತ್ತ.

ಥರ್ಮನ್ ಬಿಳಿಚಿಕೊಂಡು, ಊಟವನ್ನೂ ಮಾಡದೆ ಹೊರಟುಹೋದ. ಸಿಕ್ಕಿಬಿದ್ದೆನೆಂದುಕೊಂಡ ಡ್ವೇನ್. ಒಂದೇ ಸಮಾಧಾನವೆಂದರೆ, ಅಂಕ ಏನಿದ್ದರೂ ಮೈದಾನದಲ್ಲಿ ಕಂಡದ್ದಕ್ಕೆ. ದಾರಿಯಲ್ಲಿ ಕಂಡದ್ದು ಲೆಕ್ಕಕ್ಕಿಲ್ಲ.

ಈಗ ಪೆಟ್ಟಿಗೆಗಳು ಕಳಚಿ ಬಂದವು. ಬಚ್ಚಿಡುವುದೆಲ್ಲಿ? ಸುತ್ತ ಬರೀ ಹುಲ್ಲು, ಹುಲ್ಲಿನ ತುಂಬ ಜನ. ಪಕ್ಕದಲ್ಲೇ ಲೈಲ್‌ನ ಕಾರು. ಲೈಲ್ ದೂರದಲ್ಲಿ ಪ್ಯಾನ್‌ಕೇಕಿನ ಸಾಲಿನಲ್ಲಿ ನಿಂತಿದ್ದ. ಅದೇ ವರ್ಷದ ಕಾರು, ಅವೇ ತೂತುಗಳು. ಶನಿ ಹೆಗಲೇರಿದ್ದು ಆಗಲೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಮಡಿಸುವ ಕುರ್ಚಿಯಲ್ಲಿ ಕೂತಿದ್ದ ಮಾರ್ಲೀನ್ ಕನ್ನಡಕ ಏರಿಸಿದಳು.

"ಡ್ವೇನ್, ಅದು ನಮ್ಮ ಕಾರಲ್ಲ."

"ಗೊತ್ತು."

"ಪೆಟ್ಟಿಗೆ ನಮ್ಮದು."

"ಈಗಲ್ಲ," ಎಂದು ಡ್ವೇನ್ ಕೊನೆಯ ಬೋಲ್ಟ್ ಬಿಗಿದ.

ಲೈಲ್ ಬಾಯಿ ಒರೆಸಿಕೊಳ್ಳುತ್ತ ಹಿಂದಿರುಗುವುದಕ್ಕೂ ಥರ್ಮನ್ ಬರುವುದಕ್ಕೂ ಸರಿಹೋಯಿತು. ಥರ್ಮನ್ ಡ್ವೇನ್‌ನ ಸೀಟಿನ ಹಿಂದೆ ಟಾರ್ಚ್ ಬಿಟ್ಟ. ಕಾರ್ಪೆಟ್ಟಿನ ಮೇಲೆ ಬಿದ್ದಿದ್ದ ಚೌಕದ ಗುರುತನ್ನು ಬೆರಳಿನಿಂದ ಸವರಿದ. ಸಾವಿನ ಮನೆಗೆ ಬಂದವನ ಹಾಗೆ ತಲೆ ಎತ್ತಿದ.

"ಇಲ್ಲಿ ಏನಿತ್ತು, ಡ್ವೇನ್?"

"ಏನೂ ಇರಲಿಲ್ಲ. ಫ್ಯಾಕ್ಟರಿಯಿಂದ ಹೇಗೆ ಬಂತೋ ಹಾಗೇ ಇದೆ."

ಥರ್ಮನ್ ಉಸಿರೆಳೆದು, ಏನೋ ಬರೆದು, ಲೈಲ್‌ನ ಕಾರಿಗೆ ತಲೆ ತೂರಿಸಿದ. ಒಳಗಿನಿಂದ "ಅಯ್ಯೋ ದೇವರೇ" ಎಂದು ಕೇಳಿಸಿತು. ಡ್ವೇನ್ ನಗು ತಡೆಯಲಾರದೆ ಸಲಾಡಿನ ಪಾತ್ರೆಗೆ ಮುಖ ಬಗ್ಗಿಸಿದ. ಒಂಬತ್ತು ವರ್ಷದ ಹೊಟ್ಟೆಯುರಿ ತಣ್ಣಗಾಯಿತು.

ಸಂಜೆ ಮೈಕಿನ ಮುಂದೆ ನಿಂತ ಥರ್ಮನ್‌ನ ದನಿ ನಡುಗುತ್ತಿತ್ತು. "ನಿನ್ನೆ ಒಂದು ಕಾರಲ್ಲಿ ಈ ಪೆಟ್ಟಿಗೆ ನೋಡಿದೆ. ಅದೊಂದೇ ಆಗಿದ್ರೆ ಯಾರದೋ ಕೈಚಳಕ ಅಂತ ಬಿಟ್ಟುಬಿಡ್ತಿದ್ದೆ. ಇವತ್ತು ಇನ್ನೊಂದು ಕಾರಲ್ಲೂ ಅವೇ ಸ್ಕ್ರೂ, ಅದೇ ಹಳದಿ ಗೀಟು. ಎರಡೆರಡು ಕಾರಲ್ಲಿ ಇದೆ ಅಂದ್ಮೇಲೆ ಇನ್ನೇನು ಅನುಮಾನ? ಇದು ಫ್ಯಾಕ್ಟರಿಯದೇ. ನಲವತ್ತು ವರ್ಷದಲ್ಲಿ ಇಂಥದ್ದು ನಾನು ಕಂಡಿರಲಿಲ್ಲ. ನೀಲಿ ರಿಬ್ಬನ್, ಲೈಲ್ ಪ್ರೂಯಿಟ್."

ಆ ಪೆಟ್ಟಿಗೆಗಳನ್ನು ಜನ್ಮದಲ್ಲಿ ನೋಡಿರದ ಲೈಲ್ ಒಮ್ಮೆ ಕಣ್ಣು ಪಿಳುಕಿಸಿದ. ಆಮೇಲೆ ಎದೆಯ ಮೇಲೆ ಕೈಯಿಟ್ಟು, "ನಮ್ಮ ತಾತ ಗಾಳದ ಹುಳ ಇದರಲ್ಲೇ ಇಡ್ತಿದ್ರು," ಎಂದ.

ಡ್ವೇನ್ ಎರಡನೇ ಸ್ಥಾನದ ರಿಬ್ಬನ್ನಿನ ಜೊತೆ ಬಂದ ತನ್ನ ಅಂಕಪಟ್ಟಿ ಬಿಚ್ಚಿದ: "ಫ್ಯಾಕ್ಟರಿಯ ಅಸಲಿ ಪೆಟ್ಟಿಗೆಗಳನ್ನು ಮಾಲೀಕ ಕಿತ್ತುಹಾಕಿದ್ದಾನೆ. ಐದು ಅಂಕ ಕಡಿತ."