ಮಂಡಿಗೆ ಹಾಕುವ ಸೊಪ್ಪು

ಮೋರಿ ನೀರು ಹಾಯಿಸಿ ಬೆಳೆದ ಪಾಲಕ್ ಸೊಪ್ಪನ್ನು ಅವಳು ಎಂದೂ ಮನೆಗೆ ಒಯ್ದವಳಲ್ಲ. ಎಲ್ಲವನ್ನೂ ತರಕಾರಿ ಮಂಡಿಗೆ ಹಾಕುತ್ತಿದ್ದಳು. ಬೆಳಿಗ್ಗೆ ಬೈಕಿನಿಂದ ಇಳಿದವನ ಕೈಯಲ್ಲಿ ಫೈಲು ಕಂಡು, ಪಾಲಿಕೆಯವನೇ ಇರಬೇಕೆಂದು ಮೋರಿಯಿಂದ ಬರುವ ಪಂಪಿನ ಪೈಪನ್ನು ಸೊಪ್ಪಿನಡಿಗೆ ತಳ್ಳಿದಳು.

“ಯಾವ ನೀರಮ್ಮ?”

“ಬೋರ್‌ವೆಲ್ಲಿಂದು ಸಾರ್.”

“ಮನೇಲೂ ಇದೇ ತಿಂತೀರಾ?”

“ಹೂಂ ಸಾರ್. ನನ್ನ ಮಗಳು ದಿನಾ ತಿನ್ನೋದು ಇದನ್ನೇ.”

ಅವನು ನಕ್ಕ. “ಅದಕ್ಯಾಕೆ ಇಷ್ಟು ಬೆವರ್ತೀರಿ? ನಾನು ಶಾಲೆ ಬಿಸಿಯೂಟ ನೋಡ್ಕೊಳ್ಳೋನು. ಆರು ತಿಂಗಳಿಂದ ಮಕ್ಕಳ ಸಾರಿಗೆ ನಿಮ್ಮ ಸೊಪ್ಪೇ ಹಾಕ್ತಿರೋದು. ಮಂಡಿಯವರು ಜಾಗ ಹೇಳಿದ್ರು, ಇನ್ಮೇಲೆ ನಿಮ್ಮ ಹತ್ರಾನೇ ತಗೊಳ್ಳೋಣ ಅಂತ ಬಂದೆ.”

“ಯಾವ ಶಾಲೆ ಸಾರ್?”

“ಇಲ್ಲೇ, ನೀರಿನ ಟ್ಯಾಂಕ್ ಹಿಂದಿಂದು.”

ಅವಳ ಮಗಳು ಅಲ್ಲಿ ಮೂರನೇ ಕ್ಲಾಸು.